ಒಂದೇ ಹೆಸರಿನ ಎರಡು ಬ್ರಾಂಚ್, ಒಂದು ಕ್ಯಾಪಿಟಲ್ ಇನ್ನೊಂದು ಸ್ಮಾಲ್: ಮ್ಯಾಕ್‌ನಲ್ಲಿ ಗಿಟ್ ಫೆಚ್ ಆಗ್ತಾನೇ ಇಲ್ಲ

ಹೊಸಕೋಟೆ_ಡೆವ್:
ನಮಸ್ಕಾರ ಎಲ್ರಿಗೂ. ನಮ್ ಟೀಮಲ್ಲಿ ಹೆಚ್ಚಿನವ್ರು ವಿಂಡೋಸ್, ನಾನೂ ಇನ್ನೊಬ್ರೂ ಮ್ಯಾಕ್, ಒಬ್ರು ಮಾತ್ರ ಉಬುಂಟು. ಕೋಡಿನ ಬದಲಾವಣೆಗಳನ್ನೆಲ್ಲ ಗಿಟ್‌ನಲ್ಲಿ ಇಡ್ತೀವಿ. ಸರ್ವರಲ್ಲಿ ಫೀಚರ್/ಓಟಿಪಿ-ಲಾಗಿನ್ ಅಂತ ಒಂದು ಬ್ರಾಂಚ್ (ಕೋಡಿನ ಒಂದು ಕವಲು) ಇತ್ತು, ಈಗ ವೆಬ್ ಪೇಜಲ್ಲಿ ನೋಡಿದ್ರೆ ಅದೇ ಹೆಸರು ಎರಡು ಸಲ ಇದೆ, ಒಂದರಲ್ಲಿ ಫೀಚರ್‌ನ ಎಫ್ ಕ್ಯಾಪಿಟಲ್, ಇನ್ನೊಂದರಲ್ಲಿ ಸ್ಮಾಲ್. ಅವತ್ತಿಂದ ನಾನು ಫೆಚ್ (ಸರ್ವರಿಂದ ಹೊಸ ಬದಲಾವಣೆ ತರೋದು) ಹೊಡೆದಾಗೆಲ್ಲ "ಕೆನಾಟ್ ಲಾಕ್ ರೆಫ್, ಈಸ್ ಅಟ್ ಇಷ್ಟು, ಬಟ್ ಎಕ್ಸ್‌ಪೆಕ್ಟೆಡ್ ಅಷ್ಟು" ಅಂತ ಎರರ್. ಕೆಲವೊಮ್ಮೆ ಎರರ್ ಇಲ್ದೆ ಫೋರ್ಸ್ಡ್ ಅಪ್‌ಡೇಟ್ ಅಂತ ತೋರ್ಸುತ್ತೆ, ಯಾರೂ ಫೋರ್ಸ್ ಪುಶ್ (ಸರ್ವರಲ್ಲಿರೋದರ ಮೇಲೆ ಬಲವಂತವಾಗಿ ಕಳಿಸೋದು) ಮಾಡಿಲ್ಲ ಅಂದ್ರೂ. ಉಬುಂಟು ಅವ್ರಿಗೆ ಯಾವ ತೊಂದ್ರೆನೂ ಇಲ್ಲ.
ಕೋರ್ ಡಾಟ್ ಇಗ್ನೋರ್‌ಕೇಸ್ ಅನ್ನೋ ಸೆಟ್ಟಿಂಗನ್ನ ಫಾಲ್ಸ್ ಮಾಡಿ ಸರಿಹೋಗುತ್ತೆ ಅಂತ ಟೀಮಲ್ಲಿ ಒಬ್ರು ಹೇಳ್ತಿದಾರೆ. ಮಾಡ್ಲಾ? ಎರಡು ಬ್ರಾಂಚಲ್ಲೂ ಬೇರೆ ಬೇರೆ ಕಮಿಟ್ (ಉಳಿಸಿದ ಬದಲಾವಣೆ) ಇದೆ, ಯಾವ್ದನ್ನೂ ಕಳ್ಕೊಳ್ಳೋ ಹಾಗಿಲ್ಲ.

ಟರ್ಮಿನಲ್_ತಮ್ಮ:
ಮಾಡ್ಬೇಡಿ. ಇಗ್ನೋರ್‌ಕೇಸ್ ಮುಟ್ಲೇಬೇಡಿ.

ಕುಡ್ಲ_ಕೋಡರ್:
ಇದು ನಮ್ಮಲ್ಲಿ ಕೂಡ ಆಗಿತ್ತು ಮಾರಾಯ್ರೆ, ರಿಲೀಸ್ ಹತ್ರ ಬಂದಾಗಲೇ. ಎಲ್ಲರೂ ರಿಪೋ (ಪ್ರಾಜೆಕ್ಟಿನ ಗಿಟ್ ಫೋಲ್ಡರ್) ಡಿಲೀಟ್ ಮಾಡಿ ಮತ್ತೆ ಕ್ಲೋನ್ (ಸರ್ವರಿಂದ ಪೂರ್ತಿ ನಕಲು) ಮಾಡಿದ್ರು, ಮರುದಿನ ಪುನಃ ಅದೇ ಎರರ್. ಸರ್ವರಲ್ಲಿ ಎರಡೂ ಬ್ರಾಂಚ್ ಇರುವವರೆಗೆ ಎಷ್ಟು ಸಲ ಕ್ಲೋನ್ ಮಾಡಿದ್ರೂ ಪ್ರಯೋಜನ ಉಂಟಾ?

ಹಳೇಬೇರು:
ಸ್ವಲ್ಪ ವಿವರವಾಗೇ ಹೇಳ್ತೀನಿ, ಯಾಕಂದ್ರೆ ಕಾರಣ ಗೊತ್ತಾಗದೆ ಸಿಕ್ಕ ಸಿಕ್ಕ ಕಮಾಂಡ್ ಹೊಡೆದ್ರೆ ಇನ್ನೂ ಗೋಜಲಾಗುತ್ತೆ.
ಗಿಟ್‌ನಲ್ಲಿ ಬ್ರಾಂಚ್ ಅಂದ್ರೆ ಒಂದು ಪುಟ್ಟ ಫೈಲ್ ಅಷ್ಟೇ. ಡಾಟ್ ಗಿಟ್ ಫೋಲ್ಡರ್ ಒಳಗೆ ರೆಫ್ಸ್ ಅಂತ ಇದೆ, ಅದರೊಳಗೆ ಹೆಡ್ಸ್, ಅಲ್ಲಿ ನಿಮ್ಮ ಬ್ರಾಂಚ್ ಹೆಸರಲ್ಲೇ ಒಂದು ಫೈಲ್, ಅದರಲ್ಲಿ ಕಮಿಟ್‌ನ ಹ್ಯಾಶ್ (ಅದರ ಗುರುತಿನ ಸಂಖ್ಯೆ) ಬಿಟ್ರೆ ಬೇರೇನಿಲ್ಲ. ಹೆಸರಲ್ಲಿ ಸ್ಲ್ಯಾಶ್ ಇದ್ರೆ ಅದಕ್ಕೊಂದು ಫೋಲ್ಡರ್ ಆಗುತ್ತೆ. ಸರ್ವರ್‌ನ ಬ್ರಾಂಚ್‌ಗಳ ನಕಲು ರೆಫ್ಸ್ ಒಳಗಿನ ರಿಮೋಟ್ಸ್‌ನಲ್ಲಿ ಇರುತ್ತೆ, ಅದೂ ಇದೇ ಥರ ಫೈಲೇ. ಲಿನಕ್ಸಲ್ಲಿ ಕ್ಯಾಪಿಟಲ್ ಎಫ್ ಫೋಲ್ಡರ್ ಬೇರೆ, ಸ್ಮಾಲ್ ಎಫ್ ಫೋಲ್ಡರ್ ಬೇರೆ, ಹಾಗಾಗಿ ನಿಮ್ ಉಬುಂಟು ಗೆಳೆಯರು ಆರಾಮಾಗಿದಾರೆ. ವಿಂಡೋಸ್‌ನ ಎನ್‌ಟಿಎಫ್‌ಎಸ್, ಮ್ಯಾಕ್‌ನ ಎಪಿಎಫ್‌ಎಸ್ (ಡಿಸ್ಕಲ್ಲಿ ಫೈಲ್ ಇಡೋ ಫೈಲ್‌ಸಿಸ್ಟಮ್‌ಗಳು) ಎರಡೂ ಮಾಮೂಲಿ ಸೆಟ್ಟಿಂಗಲ್ಲಿ ಹೆಸರು ಹೇಗೆ ಕೊಟ್ಟಿದೀರೋ ಹಾಗೇ ಇಟ್ಕೊಳ್ತವೆ, ಆದ್ರೆ ಹುಡುಕೋವಾಗ ಕ್ಯಾಪಿಟಲ್ ಸ್ಮಾಲ್ ಭೇದ ಮಾಡಲ್ಲ.
ಹಾಗಾಗಿ ನಿಮ್ ಮ್ಯಾಕಲ್ಲಿ ಎರಡು ಬ್ರಾಂಚಿಗೂ ಸೇರಿ ಇರೋದು ಒಂದೇ ಫೈಲ್. ಫೆಚ್ ಮಾಡಿದಾಗ ಗಿಟ್ ಮೊದಲನೇದರ ಹ್ಯಾಶ್ ಬರೆಯುತ್ತೆ, ಆಮೇಲೆ ಎರಡನೇದನ್ನ ಬರೆಯೋಕೆ ಹೋದ್ರೆ ಅಲ್ಲಿ ತಾನು ಅಂದ್ಕೊಂಡಿದ್ದ ಹ್ಯಾಶ್ ಇಲ್ಲ, ಬೇರೇನೋ ಇದೆ. ಆ ಈಸ್ ಅಟ್, ಬಟ್ ಎಕ್ಸ್‌ಪೆಕ್ಟೆಡ್ ಅಂದ್ರೆ ಇಷ್ಟೇ. ಫೋರ್ಸ್ಡ್ ಅಪ್‌ಡೇಟ್ ಅಂತ ಬರೋದೂ ಇದಕ್ಕೇ, ಒಂದೇ ಫೈಲಿನ ಮೇಲೆ ಎರಡು ಬ್ರಾಂಚ್ ಸರದಿ ಪ್ರಕಾರ ಬರ್ಕೊಳ್ತಿವೆ.
ಇನ್ನು ಇಗ್ನೋರ್‌ಕೇಸ್ (ಕೇಸ್ ಅಂದ್ರೆ ಕ್ಯಾಪಿಟಲ್ಲೋ ಸ್ಮಾಲೋ ಅನ್ನೋದು): ಅದು ಕೆಲಸದ ಫೋಲ್ಡರಲ್ಲಿರೋ ನಿಮ್ಮ ಕೋಡ್ ಫೈಲ್‌ಗಳಿಗೆ ಸಂಬಂಧಪಟ್ಟಿದ್ದು, ಬ್ರಾಂಚ್ ಹೆಸರಿಗೂ ಅದಕ್ಕೂ ನಂಟಿಲ್ಲ. ಇನಿಟ್ ಅಥವಾ ಕ್ಲೋನ್ ಮಾಡೋವಾಗ ಡಿಸ್ಕ್ ಹೇಗಿದೆ ಅಂತ ಗಿಟ್ಟೇ ಪರೀಕ್ಷೆ ಮಾಡಿ ಅದನ್ನ ಬರ್ಕೊಳ್ಳುತ್ತೆ. ಡಿಸ್ಕ್ ಬದಲಾಗದೆ ಬರೀ ಸೆಟ್ಟಿಂಗ್ ಬದಲಾಯಿಸಿದ್ರೆ ಗಿಟ್‌ಗೆ ಸುಳ್ಳು ಹೇಳ್ದಂಗೆ, ಒಂದೇ ಫೈಲ್ ಎರಡೆರಡು ಹೆಸರಲ್ಲಿ ಇಂಡೆಕ್ಸಿಗೆ (ಗಿಟ್ ಇಟ್ಕೊಂಡಿರೋ ಫೈಲ್ ಪಟ್ಟಿ) ಸೇರ್ಕೊಳ್ಳೋಕೆ ಶುರುವಾಗುತ್ತೆ.

ಹೊಸಕೋಟೆ_ಡೆವ್:
ಬಹಳ ಥ್ಯಾಂಕ್ಸ್ ಸರ್, ಈಗ ಅರ್ಥ ಆಯ್ತು. ಆದ್ರೆ ಎರಡು ಬ್ರಾಂಚ್ ಹುಟ್ಟಿದ್ದಾದ್ರೂ ಹೇಗೆ? ಬ್ರಾಂಚ್ ಮಾಡಿದವ್ರು ಒಬ್ರೇ, ವಿಂಡೋಸಲ್ಲಿ. ನಾನು ಟೈಪ್ ಮಾಡಿದ್ದು ಸ್ಮಾಲಲ್ಲೇ ಅಂತ ಅವ್ರು ಹೇಳ್ತಿದಾರೆ.

ಹುಬ್ಬಳ್ಳಿ_ಹ್ಯಾಕರ್:
ಅವ್ರು ಹೇಳೋದು ಖರೇನ ಇರಬಹುದ್ರಿ. ಅವರ ಮಷೀನ್ಯಾಗ ಮೊದಲಿಂದ ಕ್ಯಾಪಿಟಲ್ ಎಫ್ ಇರೋ ಬ್ಯಾರೆ ಯಾವುದರ ಬ್ರಾಂಚ್ ಇದ್ದಿರಬೇಕು, ಅಂದ್ರ ಆ ಫೋಲ್ಡರ್ ಕ್ಯಾಪಿಟಲ್ ಹೆಸರಿಲೇ ಆಗೈತಿ. ಈಗ ಸ್ಮಾಲ್ ಎಫ್ ಹಾಕಿ ಹೊಸ ಬ್ರಾಂಚ್ ಮಾಡಿದ್ರ ವಿಂಡೋಸ್ ಹೊಸ ಫೋಲ್ಡರ್ ಮಾಡಂಗಿಲ್ಲ, ಇರೋ ಕ್ಯಾಪಿಟಲ್ ಫೋಲ್ಡರ್‌ನ್ಯಾಗ ಫೈಲ್ ಇಡತೈತಿ. ಆದ್ರ ಹೆಡ್ ಫೈಲ್‌ನ್ಯಾಗ (ಈಗ ಯಾವ ಬ್ರಾಂಚ್‌ನ್ಯಾಗ ಅದೀವಿ ಅಂತ ಹೇಳೋ ಫೈಲ್) ಅವ್ರು ಟೈಪ್ ಮಾಡಿದ ಸ್ಮಾಲ್ ಹೆಸರ ಬರದಿರ್ತೈತಿ. ಟರ್ಮಿನಲ್‌ನಿಂದ ಪುಶ್ ಮಾಡಿದ್ರ ಸ್ಮಾಲ್ ಹೋಗತೈತಿ, ಫೋಲ್ಡರ್ ಓದಿ ಪಟ್ಟಿ ತೋರ್ಸೋ ಟೂಲ್‌ನಿಂದ ಅದನ್ನ ಆರಿಸಿ ಪುಶ್ ಮಾಡಿದ್ರ ಕ್ಯಾಪಿಟಲ್ ಹೋಗತೈತಿ. ಸರ್ವರ್ ಲಿನಕ್ಸ್ ನೋಡ್ರಿ, ಎರಡೂ ತಗೊಂಡು ಕೂಡತೈತಿ.
ಗುರುತು ಹಿಡಿಯೋದು ಸುಲಭ ಐತಿ. ಗಿಟ್ ಬ್ರಾಂಚ್ ಅಂತ ಹೊಡೀರಿ, ಯಾವ ಬ್ರಾಂಚ್ ಮುಂದೂ ನಕ್ಷತ್ರ (ಈಗಿನ ಬ್ರಾಂಚಿನ ಗುರುತು) ಬರಲಿಲ್ಲ ಅಂದ್ರ ಇದ ಕಥಿ. ಹೆಡ್‌ನ್ಯಾಗಿನ ಹೆಸರು ಪಟ್ಟಿಯೊಳಗಿನ ಯಾವ ಹೆಸರಿಗೂ ತಾಳೆ ಆಗಂಗಿಲ್ಲ.

ಮೈಸೂರ್_ಮ್ಯಾಕ್:
ಓ, ನಕ್ಷತ್ರ ಮಾಯ ಆಗೋದು ಇದಕ್ಕಾ! ಜೊತೆಗೆ ಅಪ್‌ಸ್ಟ್ರೀಮ್ (ಸರ್ವರಲ್ಲಿ ಇದಕ್ಕೆ ಜೋಡಿಯಾದ ಬ್ರಾಂಚ್) ಇಲ್ಲ ಅಂತಾನೂ ಬರ್ತಿತ್ತು ನಂಗೆ, ಸೆಟ್ ಮಾಡಿದ್ರೂ.

ಹಳೇಬೇರು:
ಹೌದು, ಕಾನ್ಫಿಗ್ ಫೈಲಲ್ಲಿ ಬ್ರಾಂಚ್ ಹೆಸರು ಕೊಟೇಶನ್ ಒಳಗೆ ಇರುತ್ತಲ್ಲ, ಆ ಭಾಗಕ್ಕೆ ಗಿಟ್ ಕ್ಯಾಪಿಟಲ್ ಸ್ಮಾಲ್ ಭೇದ ಕಟ್ಟುನಿಟ್ಟಾಗಿ ನೋಡುತ್ತೆ, ವಿಂಡೋಸಾದ್ರೂ ಸರಿ ಮ್ಯಾಕಾದ್ರೂ ಸರಿ. ಕ್ಯಾಪಿಟಲ್ ಹೆಸರಿಗೆ ಅಪ್‌ಸ್ಟ್ರೀಮ್ ಹಾಕಿ ಸ್ಮಾಲ್ ಹೆಸರಲ್ಲಿ ಚೆಕೌಟ್ ಆಗಿದ್ರೆ (ಆ ಬ್ರಾಂಚಿಗೆ ಹೋಗಿದ್ರೆ) ಅದಕ್ಕೆ ಸಿಗಲ್ಲ.

ನೀಲಿಪರದೆ:
ಎಲ್ಲದಕ್ಕೂ ಮೂಲ ವಿಂಡೋಸ್. ಎಲ್ರೂ ಲಿನಕ್ಸಿಗೆ ಬನ್ನಿ, ಮುಗೀತು.

ಮೈಸೂರ್_ಮ್ಯಾಕ್:
ಮ್ಯಾಕಲ್ಲೂ ಇದೇ ಆಗ್ತಿದೆ ಅಂತ ಮೊದಲ ಪೋಸ್ಟಲ್ಲೇ ಇದೆಯಲ್ಲ ಗುರು.

ಬರ್ಲಿನ್_ಕನ್ನಡಿಗ:
ವಿಂಡೋಸನ್ನ ಬೈಯೋದ್ರಲ್ಲಿ ಅರ್ಥ ಇಲ್ಲ. ತಪ್ಪು ಗಿಟ್‌ನದ್ದೇ ಅಂತ ನನ್ನ ವಾದ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಇದನ್ನ ಬರೆದಿದ್ದು ಲಿನಕ್ಸ್ ಕರ್ನಲ್ ಕೆಲಸಕ್ಕೆ, ಹಾಗಾಗಿ ಹೆಸರನ್ನ ನೇರವಾಗಿ ಫೈಲ್ ಹೆಸರಾಗಿ ಇಟ್ಟಿದ್ದು ಅವತ್ತಿಗೆ ಸರಿ. ಅದೇ ವರ್ಷ ಬಂದ, ಗಿಟ್ ಥರದ್ದೇ ಟೂಲ್ ಮರ್ಕ್ಯೂರಿಯಲ್ ನೋಡಿ, ಅದರಲ್ಲಿ ಬ್ರಾಂಚ್ ಹೆಸರು ಕಮಿಟ್ ಒಳಗೇ ಇರುತ್ತೆ, ಫೈಲಾಗಿ ಅಲ್ಲ. ಡಿಸ್ಕಲ್ಲಿ ಫೈಲ್‌ಗಳ ಇತಿಹಾಸ ಇಡೋವಾಗಲೂ ಕ್ಯಾಪಿಟಲ್ ಅಕ್ಷರ ಬಂದ್ರೆ ಅದರ ಬದಲು ಅಂಡರ್‌ಸ್ಕೋರ್ ಹಾಕಿ ಪಕ್ಕದಲ್ಲಿ ಸ್ಮಾಲ್ ಅಕ್ಷರ ಬರೀತಾರೆ, ಅಂಡರ್‌ಸ್ಕೋರೇ ಇದ್ರೆ ಎರಡು ಅಂಡರ್‌ಸ್ಕೋರ್. ಇಷ್ಟು ಮಾಡಿದ್ರೆ ಯಾವ ಡಿಸ್ಕಲ್ಲೂ ಎರಡು ಹೆಸರು ಡಿಕ್ಕಿ ಹೊಡೆಯಲ್ಲ. ಈ ಯೋಚನೆ ಗಿಟ್‌ನವ್ರಿಗೆ ಯಾಕೆ ಬರ್ಲಿಲ್ಲ?

ಹಳೇಬೇರು:
ಬರ್ಲಿಲ್ಲ ಅಂತಲ್ಲ, ತಡವಾಗಿ ಬಂತು. ಗಿಟ್ 2.45, ಅಂದ್ರೆ ಏಪ್ರಿಲ್ 2024ರಲ್ಲಿ ರೆಫ್‌ಟೇಬಲ್ ಅಂತ ಹೊಸ ವ್ಯವಸ್ಥೆ ಬಂತು. ಮೂಲ ವಿನ್ಯಾಸ 2017ರಲ್ಲಿ ಶಾನ್ ಪಿಯರ್ಸ್ ಜೆಗಿಟ್‌ಗೆ (ಗಿಟ್‌ನ ಜಾವಾ ರೂಪ) ಅಂತ ಮಾಡಿದ್ದು. ಅದರಲ್ಲಿ ಬ್ರಾಂಚಿಗೊಂದು ಫೈಲ್ ಇಲ್ಲ, ಎಲ್ಲಾ ಹೆಸರುಗಳೂ ಒಂದು ಬೈನರಿ ಕೋಷ್ಟಕದೊಳಗೆ ಸೇರ್ತವೆ, ಡಿಸ್ಕ್ ಭೇದ ಮಾಡುತ್ತೋ ಇಲ್ವೋ ಅನ್ನೋ ಪ್ರಶ್ನೆನೇ ಏಳಲ್ಲ. 2.46ರಿಂದ ಇರೋ ರಿಪೋನ ಬದಲಾಯಿಸೋಕೆ ಗಿಟ್ ರೆಫ್ಸ್ ಮೈಗ್ರೇಟ್ ಅನ್ನೋ ಕಮಾಂಡ್ ಇದೆ. ಗಿಟ್ 3.0 ಬಂದಾಗ ಹೊಸ ರಿಪೋಗಳಿಗೆ ಇದೇ ಡಿಫಾಲ್ಟ್ ಮಾಡ್ತೀವಿ ಅಂತ ಅವ್ರ ದಾಖಲೆಯಲ್ಲೇ ಬರೆದಿದಾರೆ.
ಆದ್ರೆ ಈವತ್ತೇ ಇಡೀ ಟೀಮಿಗೆ ಹಾಕಿ ಅಂತ ಹೇಳಲ್ಲ. ಡಾಟ್ ಗಿಟ್ ಫೋಲ್ಡರನ್ನ ನೇರವಾಗಿ ಓದೋ ಸ್ಕ್ರಿಪ್ಟ್, ಹಳೇ ಎಡಿಟರ್ ಪ್ಲಗಿನ್ ಇವೆಲ್ಲ ನಿಂತೋಗ್ತವೆ. ಮೊದ್ಲು ಒಂದು ಪ್ರತಿ ಮಾಡ್ಕೊಂಡು ಅದರ ಮೇಲೆ ಪ್ರಯೋಗ ಮಾಡಿ.

ಟರ್ಮಿನಲ್_ತಮ್ಮ:
ಲಿನಸ್ ಅವ್ರು ಇದ್ರ ಬಗ್ಗೆ ಈಗ್ಲೂ ಸಿಟ್ಟಲ್ಲೇ ಇದಾರೆ. 2025ರ ಏಪ್ರಿಲಲ್ಲಿ ಕರ್ನಲ್ ಮೇಲಿಂಗ್ ಲಿಸ್ಟಲ್ಲಿ ಬಿಕ್ಯಾಶ್‌ಎಫ್‌ಎಸ್ ಅನ್ನೋ ಫೈಲ್‌ಸಿಸ್ಟಮ್ ಚರ್ಚೆ ಬಂದಾಗ, ಕೇಸ್ ಭೇದ ಮಾಡದ ಫೈಲ್‌ಸಿಸ್ಟಮ್ ಅನ್ನೋದೇ ದೊಡ್ಡ ತಪ್ಪು ಅಂತ ಖಾರವಾಗಿ ಬರೆದಿದ್ರು. ಹಾಗಂತ ಲಿನಕ್ಸಲ್ಲಿ ಅದು ಇಲ್ಲವೇ ಇಲ್ಲ ಅಂತಲ್ಲ, ಕರ್ನಲ್ 5.2ರಿಂದ ಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನಲ್ಲಿ ಬೇಕಾದ ಫೋಲ್ಡರಿಗೆ ಮಾತ್ರ ಹಾಕ್ಕೊಬಹುದು.

ನೀಲಿಪರದೆ:
ಅದಿರ್ಲಿ, ಕರ್ನಲ್ ರಿಪೋನೇ ಮ್ಯಾಕಲ್ಲಿ ಸರಿಯಾಗಿ ಕ್ಲೋನ್ ಆಗಲ್ಲ. ನೆಟ್‌ಫಿಲ್ಟರ್ ಫೋಲ್ಡರಲ್ಲಿ ಎಕ್ಸ್‌ಟಿ_ಟಿಸಿಪಿಎಂಎಸ್‌ಎಸ್ ಅಂತ ಒಂದು ಸಿ ಫೈಲ್ ಕ್ಯಾಪಿಟಲ್‌ನಲ್ಲಿದೆ, ಅದೇ ಹೆಸರಿನ ಇನ್ನೊಂದು ಸ್ಮಾಲಲ್ಲಿದೆ, ಎರಡರ ಕೆಲಸವೂ ಬೇರೆ. ಕ್ಲೋನ್ ಮುಗಿದ ತಕ್ಷಣ ನೀವೇನೂ ಮುಟ್ಟದೇ ಇದ್ರೂ ಸ್ಟೇಟಸ್‌ನಲ್ಲಿ ಮಾಡಿಫೈಡ್ ಅಂತ ಬರುತ್ತೆ.

ರಿಲೀಸ್_ಅಕ್ಕ:
ಎಲ್ರೂ ಇತಿಹಾಸಕ್ಕೆ ಹೋದ್ರಿ, ಪಾಪ ಕೇಳಿದವ್ರು ಕಾಯ್ತಿದಾರೆ. ಹೊಸಕೋಟೆ ಅವ್ರೇ, ಹೀಗೆ ಮಾಡಿ.
ಮೊದ್ಲು ಎಲ್ರಿಗೂ ಆ ಎರಡು ಬ್ರಾಂಚಿಗೆ ಪುಶ್ ಮಾಡ್ಬೇಡಿ ಅಂತ ಹೇಳಿ. ಆಮೇಲೆ ಗಿಟ್ ಎಲ್‌ಎಸ್-ರಿಮೋಟ್ ಹೊಡೀರಿ, ಹೆಡ್ಸ್ ಆಪ್ಷನ್ ಹಾಕಿ. ಅದು ನಿಮ್ ಡಿಸ್ಕ್ ನೋಡೋದೇ ಇಲ್ಲ, ಸರ್ವರನ್ನೇ ಕೇಳಿ ಎರಡು ಹೆಸರು ಎರಡು ಹ್ಯಾಶ್ ಎರಡನ್ನೂ ಸರಿಯಾಗಿ ತೋರ್ಸುತ್ತೆ. ಎರಡು ಹ್ಯಾಶನ್ನೂ ಎಲ್ಲಾದ್ರೂ ಬರೆದಿಟ್ಕೊಳ್ಳಿ, ಅವು ಕೈಯಲ್ಲಿದ್ರೆ ಕಮಿಟ್ ಕಳ್ಕೊಳ್ಳೋ ಭಯ ಇಲ್ಲ.
ಮರ್ಜ್ ಕೆಲಸ (ಎರಡನ್ನೂ ಒಂದು ಮಾಡೋದು) ಮಾತ್ರ ಉಬುಂಟು ಅವ್ರ ಕೈಲಿ ಮಾಡ್ಸಿ. ಅವ್ರು ಎರಡನ್ನೂ ಫೆಚ್ ಮಾಡಿ, ಸ್ಮಾಲ್ ಎಫ್ ಬ್ರಾಂಚಿಗೆ ಕ್ಯಾಪಿಟಲ್‌ನದನ್ನ ಮರ್ಜ್ ಮಾಡಿ ಪುಶ್ ಮಾಡ್ಲಿ, ಸರ್ವರಲ್ಲಿ ಎಲ್ಲಾ ಕಮಿಟ್ ಬಂದಿದೆ ಅಂತ ನೀವೂ ನೋಡಿ, ಆಮೇಲೆ ಗಿಟ್ ಪುಶ್ ಒರಿಜಿನ್ ಡಿಲೀಟ್ ಅಂತ ಕೊಟ್ಟು ಕ್ಯಾಪಿಟಲ್ ಬ್ರಾಂಚ್ ತೆಗೀಲಿ. ಮರ್ಜ್ ರಿಕ್ವೆಸ್ಟ್ ಏನಾದ್ರೂ ಓಪನ್ ಇದ್ರೆ ಯಾವ ಬ್ರಾಂಚಿಂದ ಇದೆ ಅಂತ ಡಿಲೀಟ್ ಮಾಡೋ ಮುಂಚೆನೇ ನೋಡ್ಕೊಳ್ಳಿ.
ಕೊನೆಗೆ ಮ್ಯಾಕ್, ವಿಂಡೋಸ್ ಇರೋ ಪ್ರತಿಯೊಬ್ರೂ ಫೆಚ್ ಜೊತೆ ಪ್ರೂನ್ (ಸರ್ವರಲ್ಲಿ ಈಗ ಇಲ್ಲದ ಬ್ರಾಂಚಿನ ನಕಲು ತೆಗೆಯೋ ಆಪ್ಷನ್) ಹಾಕಿ ಓಡಿಸ್ಬೇಕು. ಆಗ ಕ್ಯಾಪಿಟಲ್ ರೆಫ್ ತೆಗೆಯೋಕೆ ಹೋಗಿ ಅದೇ ಫೈಲ್ ಆಗಿರೋ ಸ್ಮಾಲ್‌ನದ್ದೂ ಹೋಗಬಹುದು, ಗಾಬರಿ ಬೇಡ, ಇನ್ನೊಂದು ಸಲ ಫೆಚ್ ಮಾಡಿದ್ರೆ ಬರುತ್ತೆ. ಅಷ್ಟಾದ್ರೂ ಕ್ಯಾಪಿಟಲ್ ಹೆಸರೇ ಕಾಣ್ತಿದ್ರೆ ರೆಫ್ಸ್ ಒಳಗೆ ರಿಮೋಟ್ಸ್ ಒಳಗೆ ಒರಿಜಿನ್ ಒಳಗಿರೋ ಆ ಒಂದು ಫೋಲ್ಡರ್ ಅಳಿಸಿ ಮತ್ತೆ ಫೆಚ್ ಮಾಡಿ. ರಿಮೋಟ್ಸ್ ಒಳಗಿಂದ ಮಾತ್ರ! ಹೆಡ್ಸ್ ಒಳಗಿರೋದು ನಿಮ್ಮ ಸ್ವಂತ ಬ್ರಾಂಚ್, ಪುಶ್ ಮಾಡದ ಕೆಲಸ ಅಲ್ಲಿರುತ್ತೆ, ಅದಕ್ಕೆ ಕೈ ಹಾಕ್ಬೇಡಿ.

ಹೊಸಕೋಟೆ_ಡೆವ್:
ಅಕ್ಕ, ಇದು ಬೇಕಿತ್ತು ನಂಗೆ. ಒಂದು ಡೌಟು, ಉಬುಂಟು ಅವ್ರು ರಜೆಲಿದಾರೆ. ವಿಂಡೋಸಲ್ಲಿ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಓಡೋ ಲಿನಕ್ಸ್) ಇದೆ, ಅದ್ರಲ್ಲಿ ಮಾಡಬಹುದಾ?

ಟರ್ಮಿನಲ್_ತಮ್ಮ:
ಮಾಡಬಹುದು, ಆದ್ರೆ ಡಬ್ಲ್ಯುಎಸ್‌ಎಲ್‌ನ ಹೋಮ್ ಫೋಲ್ಡರಲ್ಲೇ ಹೊಸದಾಗಿ ಕ್ಲೋನ್ ಮಾಡಿ, ಅಲ್ಲಿರೋದು ಎಕ್ಸ್‌ಟಿ4. ಎಮ್‌ಎನ್‌ಟಿ ಕೆಳಗಿರೋ ಸಿ ಡ್ರೈವ್‌ಗೆ ಹೋದ್ರೆ ಅದು ಎನ್‌ಟಿಎಫ್‌ಎಸ್ಸೇ, ಮತ್ತೆ ಅಲ್ಲೇ ಸಿಕ್ಕಾಕೊಳ್ತೀರ.

ಕುಡ್ಲ_ಕೋಡರ್:
ವಿಂಡೋಸ್ 10ರ 1803 ಆವೃತ್ತಿಯಿಂದ ಒಂದೊಂದು ಫೋಲ್ಡರಿಗೆ ಕೇಸ್ ಭೇದ ಆನ್ ಮಾಡ್ಲಿಕ್ಕೆ ಆಗ್ತದೆ, ಎಫ್‌ಎಸ್‌ಯುಟಿಲ್ ಅಂತ ಕಮಾಂಡ್ ಉಂಟು. ಮ್ಯಾಕಲ್ಲಿ ಡಿಸ್ಕ್ ಯುಟಿಲಿಟಿಗೆ ಹೋಗಿ ಕೇಸ್ ಸೆನ್ಸಿಟಿವ್ ಎಪಿಎಫ್‌ಎಸ್ ವಾಲ್ಯೂಮ್ ಒಂದು ಮಾಡಿ ಕೋಡ್ ಎಲ್ಲ ಅಲ್ಲಿ ಇಡಬಹುದು. ಹಾಗೆ ಮಾಡಿದ್ರೆ ಆಯ್ತಲ್ಲ?

ರಿಲೀಸ್_ಅಕ್ಕ:
ನಿಮ್ಮ ಒಬ್ರ ಮಷೀನಿಗೆ ಆಯ್ತು. ನಾಳೆ ಹೊಸದಾಗಿ ಸೇರೋ ಹುಡುಗಿಗೆ? ಕಂಪನಿ ಲ್ಯಾಪ್‌ಟಾಪಲ್ಲಿ ಅಡ್ಮಿನ್ ಹಕ್ಕು ಇಲ್ಲದವ್ರಿಗೆ? ಒಂದೊಂದು ಮಷೀನ್ ರಿಪೇರಿ ಮಾಡ್ತಾ ಕೂರೋ ವಿಷಯ ಅಲ್ಲ ಇದು. ಸರ್ವರಲ್ಲೇ ತಡೀಬೇಕು, ಎರಡನೇ ಹೆಸರು ಒಳಗೆ ಬರೋಕೇ ಬಿಡ್ಬಾರ್ದು.

ಹುಬ್ಬಳ್ಳಿ_ಹ್ಯಾಕರ್:
ಅಕ್ಕಾರು ಹೇಳಿದ್ದು ನೂರಕ್ಕ ನೂರು ಖರೆ. ನಮ್ಮ ಕಡೆ ಎಲ್ಲಾ ಬ್ರಾಂಚ್ ಸ್ಮಾಲ್ ಲೆಟರ್‌ನ್ಯಾಗ ಇರಬೇಕು ಅಂತ ರೂಲ್ ಮಾಡೀವ್ರಿ, ಮುಗೀತು. ಗಿಟ್‌ಲ್ಯಾಬ್‌ನ್ಯಾಗ ಪುಶ್ ರೂಲ್ ಅಂತ ಐತಲ್ಲ, ಅದರಾಗ ರೆಜೆಕ್ಸ್ (ಹೆಸರು ಹೆಂಗಿರಬೇಕು ಅನ್ನೋ ನಮೂನಿ) ಹಾಕಿದ್ರ ತಪ್ಪು ಹೆಸರು ಹೊರಗ ನಿಲ್ಲತೈತಿ. ಆದ್ರ ಅದು ರೊಕ್ಕ ಕೊಟ್ಟು ತಗೊಳ್ಳೋ ಪ್ಲಾನ್‌ನ್ಯಾಗ ಅಷ್ಟ ಸಿಗತೈತ್ರಿ.

ಮೈಸೂರ್_ಮ್ಯಾಕ್:
ಎಲ್ಲಾ ಸ್ಮಾಲ್ ಅಂತ ರೂಲ್ ಮಾಡಿದ್ರೆ ಜಿರಾ (ಕೆಲಸಗಳ ಟಿಕೆಟ್ ಇಡೋ ಟೂಲ್) ಕಥೆ ಏನು? ಟಿಕೆಟ್ ಕೀ ಕ್ಯಾಪಿಟಲಲ್ಲೇ ಇರುತ್ತೆ, ಬ್ರಾಂಚ್ ಹೆಸರಲ್ಲೂ ಕ್ಯಾಪಿಟಲಲ್ಲೇ ಹಾಕಿ, ಇಲ್ಲಾಂದ್ರೆ ಟಿಕೆಟಿಗೆ ಲಿಂಕ್ ಆಗಲ್ಲ ಅಂತ ಅವ್ರ ಸೂಚನೆಯಲ್ಲೇ ಇದೆ. ನಮ್ ಮ್ಯಾನೇಜರ್ ನೋಡೋದು ಜಿರಾ ಬೋರ್ಡ್ ಮಾತ್ರ. ಲಿಂಕ್ ಆಗ್ಲಿಲ್ಲ ಅಂದ್ರೆ ಕೆಲಸನೇ ಆಗಿಲ್ಲ ಅಂತ ಅರ್ಥ.

ಹುಬ್ಬಳ್ಳಿ_ಹ್ಯಾಕರ್:
ನಾವು ಜಿರಾ ಬಳಸಂಗಿಲ್ರಿ, ಹಿಂಗಾಗಿ ಆ ತ್ರಾಸ ಬಂದಿಲ್ಲ.

ಹಳೇಬೇರು:
ಮೈಸೂರ್ ಅವ್ರು ಎತ್ತಿದ್ದು ಸರಿಯಾದ ಆಕ್ಷೇಪ. ಎಲ್ಲಾ ಸ್ಮಾಲ್ ಅನ್ನೋ ರೂಲ್ ನೋಡೋಕೆ ಚೆಂದ, ನಿಜವಾಗಿ ತಡೀಬೇಕಿರೋದು ಕ್ಯಾಪಿಟಲ್ ಅಕ್ಷರವನ್ನಲ್ಲ, ಡಿಕ್ಕಿಯನ್ನ. ಹೊಸ ಬ್ರಾಂಚ್ ಬಂದಾಗ ಅದರ ಹೆಸರನ್ನ ಸ್ಮಾಲಿಗೆ ತಿರುಗಿಸಿ, ಸರ್ವರಲ್ಲಿರೋ ಎಲ್ಲಾ ಹೆಸರನ್ನೂ ಸ್ಮಾಲಿಗೆ ತಿರುಗಿಸಿ, ಒಂದೇ ಆದ್ರೆ ತಿರಸ್ಕರಿಸು, ಅಷ್ಟೇ. ಸ್ವಂತ ಸರ್ವರ್ ಇದ್ರೆ ಅಪ್‌ಡೇಟ್ ಹುಕ್ಕಲ್ಲಿ (ಪುಶ್ ಬಂದಾಗ ಸರ್ವರಲ್ಲಿ ತಾನಾಗೇ ಓಡೋ ಸ್ಕ್ರಿಪ್ಟ್) ಗಿಟ್ ಫಾರ್-ಈಚ್-ರೆಫ್ ಇಂದ ಪಟ್ಟಿ ತಗೊಂಡು ನಾಲ್ಕೈದು ಸಾಲಲ್ಲಿ ಬರೀಬಹುದು. ಪೂರ್ತಿ ಹೆಸರು ಹೋಲಿಸಿದ್ರೆ ಸಾಲದು, ಸ್ಲ್ಯಾಶ್‌ಗೆ ಮುಂಚಿನ ಫೋಲ್ಡರ್ ಭಾಗವನ್ನೂ ಹೋಲಿಸ್ಬೇಕು. ಹುಬ್ಬಳ್ಳಿಯವ್ರು ಹೇಳಿದ ಹಾಗೆ ತೊಂದ್ರೆ ಶುರುವಾಗೋದೇ ಫೋಲ್ಡರಿಂದ.
ಅಜೂರ್ ಡೆವ್‌ಆಪ್ಸ್ ಬಳಸೋರಿಗೆ ಹುಕ್ ಬೇಡ, ರಿಪೋ ಸೆಟ್ಟಿಂಗಲ್ಲಿ ಕೇಸ್ ಎನ್‌ಫೋರ್ಸ್‌ಮೆಂಟ್ ಅಂತ ಒಂದು ಗುಂಡಿ ಇದೆ, ಫೈಲ್, ಫೋಲ್ಡರ್, ಬ್ರಾಂಚ್, ಟ್ಯಾಗ್ ನಾಲ್ಕಕ್ಕೂ ಕೇಸ್ ಮಾತ್ರ ಬದಲಾದ ಪುಶ್ ಬಂದ್ರೆ ನಿಲ್ಸುತ್ತೆ.

ಬರ್ಲಿನ್_ಕನ್ನಡಿಗ:
ಹುಕ್ ಬರೆಯೋರು ಒಂದು ವಿಷಯ ಗಮನಿಸಿ, ಸ್ಮಾಲಿಗೆ ತಿರುಗಿಸೋವಾಗ ಲೊಕೇಲ್ (ಭಾಷೆಯ ಸೆಟ್ಟಿಂಗ್) ಅನ್ನ ಸಿ ಅಂತ ಗಟ್ಟಿಯಾಗಿ ಹಾಕಿ. ಟರ್ಕಿಶ್‌ನಲ್ಲಿ ಕ್ಯಾಪಿಟಲ್ ಐ ಸ್ಮಾಲ್ ಆದಾಗ ಚುಕ್ಕಿ ಇರಲ್ಲ. ನಮ್ಮ ಆಫೀಸಲ್ಲಿ ಟರ್ಕಿಶ್ ಸೆಟ್ಟಿಂಗ್ ಇಟ್ಕೊಂಡಿರೋ ಸಹೋದ್ಯೋಗಿಗಳಿದಾರೆ, ಕ್ಯಾಪಿಟಲಲ್ಲಿ ಫಿಕ್ಸ್ ಅಂತ ಶುರುವಾಗೋ ಬ್ರಾಂಚ್‌ಗಳೆಲ್ಲ ಅವ್ರ ಸ್ಕ್ರಿಪ್ಟಲ್ಲಿ ಬೇರೆ ಹೆಸರಾಗಿ ಕಾಣ್ತಿತ್ತು.

ನೀಲಿಪರದೆ:
ಬ್ರಾಂಚ್ ಹೆಸರಿನ ಕೇಸ್ ಬರೀ ಗಿಟ್‌ಗೆ ನಿಲ್ಲಲ್ಲ ಅನ್ನೋದು ಸೇರ್ಸಿ. ನಮ್ ಸಿಐನಲ್ಲಿ (ತಾನಾಗೇ ಬಿಲ್ಡ್, ಟೆಸ್ಟ್ ಮಾಡೋ ವ್ಯವಸ್ಥೆ) ಬ್ರಾಂಚ್ ಹೆಸರನ್ನೇ ಡಾಕರ್ ಇಮೇಜ್ (ಆ್ಯಪ್ ಕಟ್ಟಿಡೋ ಪ್ಯಾಕೇಜ್) ಹೆಸರಿಗೆ ಹಾಕ್ತಿದ್ರು, ಇಮೇಜ್ ಹೆಸರಲ್ಲಿ ಕ್ಯಾಪಿಟಲ್ ಇರೋ ಹಾಗಿಲ್ಲ, ಬಿಲ್ಡ್ ಅಲ್ಲೇ ಮಕಾಡೆ. ಟ್ಯಾಗ್ ಭಾಗದಲ್ಲಿ ಕ್ಯಾಪಿಟಲ್ ಓಡುತ್ತೆ, ಹೆಸರಲ್ಲಿ ಮಾತ್ರ ಇಲ್ಲ. ಅಂಥ ಇಮೇಜ್‌ಗಳನ್ನ ಓಡಿಸೋ ಕುಬರ್ನೆಟೀಸ್‌ನ ನೇಮ್‌ಸ್ಪೇಸೂ ಹಾಗೇ, ಸ್ಮಾಲೇ ಆಗ್ಬೇಕು. ಪ್ರೀವ್ಯೂ ಸೈಟಿನ ವಿಳಾಸಕ್ಕೆ ಬ್ರಾಂಚ್ ಹೆಸರು ಹಾಕೋರಂತೂ ಇನ್ನೂ ಹುಷಾರಾಗಿರ್ಬೇಕು, ಡಿಎನ್‌ಎಸ್ ಕೇಸ್ ನೋಡಲ್ಲ, ಎರಡು ಬ್ರಾಂಚಿನ ಸೈಟ್ ಒಂದರ ಮೇಲೊಂದು ಕೂತ್ಕೊಳ್ತವೆ. ಅಲ್ಲಿ ಎರರ್ ಕೂಡ ಬರಲ್ಲ, ಟೆಸ್ಟರ್ ತಪ್ಪು ಕೋಡ್ ನೋಡಿ ಓಕೆ ಅಂದುಬಿಡ್ತಾರೆ.

ರಿಲೀಸ್_ಅಕ್ಕ:
ಇದು ಬಹಳ ಒಳ್ಳೆ ಪಾಯಿಂಟ್. ಸಿಐನ ವರ್ಕ್‌ಫ್ಲೋ ಫೈಲಲ್ಲಿ ರಿಲೀಸ್ ಸ್ಲ್ಯಾಶ್ ಸ್ಟಾರ್ ಅಂತ ಫಿಲ್ಟರ್ ಹಾಕಿದ್ರೆ ಅದೂ ಕೇಸ್ ನೋಡುತ್ತೆ. ಕ್ಯಾಪಿಟಲ್ ಆರ್ ಹಾಕಿ ಪುಶ್ ಮಾಡಿದ್ರೆ ಪೈಪ್‌ಲೈನ್ ಓಡೋದೇ ಇಲ್ಲ, ಕೆಂಪು ಗುರುತೂ ಬರಲ್ಲ. ಓಡದ ಟೆಸ್ಟು ಫೇಲ್ ಆದ ಟೆಸ್ಟಿಗಿಂತ ಅಪಾಯ.

ಕುಡ್ಲ_ಕೋಡರ್:
ನಮ್ಮಲ್ಲಿ ಒಬ್ಬ ಫ್ರೆಶರಿಗೆ ಆದದ್ದು ಹೇಳ್ತೇನೆ, ಪಾಪ ಅವ ಅಳುವುದೊಂದು ಬಾಕಿ. ಬೆಳಿಗ್ಗೆ ಬಂದು ಸ್ಟೇಟಸ್ ನೋಡಿದ್ರೆ ಈ ಬ್ರಾಂಚಲ್ಲಿ ಇನ್ನೂ ಯಾವ ಕಮಿಟ್ಟೂ ಇಲ್ಲ ಅಂತ ತೋರಿಸ್ತಾ ಉಂಟು, ಇಡೀ ಪ್ರಾಜೆಕ್ಟಿನ ಎಲ್ಲ ಫೈಲೂ ಹೊಸದು ಅಂತ ಹಸಿರು ಬಣ್ಣದಲ್ಲಿ. ಹಿಂದಿನ ದಿನ ಎಲ್ಲ ಸರಿ ಇತ್ತು, ರಾತ್ರಿ ಯಾರೂ ಏನೂ ಮಾಡ್ಲಿಲ್ಲ. ಸೀನಿಯರ್ ಒಬ್ರು ಬಂದು ಏನೋ ಒಂದು ಕಮಾಂಡ್ ಹಾಕಿದ್ರು, ಎಲ್ಲ ವಾಪಸ್ ಬಂತು. ಏನು ಮಾಡಿದ್ರು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ.

ಹಳೇಬೇರು:
ಗಿಟ್ ಸಿಂಬಾಲಿಕ್-ರೆಫ್ ಹಾಕಿರ್ತಾರೆ. ಆಗಿರೋದು ಹೀಗೆ: ಗಿಟ್ ಆಗಾಗ ತಾನಾಗೇ ಜಿಸಿ (ಕಸ ಗುಡಿಸೋ ಕೆಲಸ) ಓಡಿಸುತ್ತೆ, ಆಗ ಬಿಡಿಬಿಡಿ ರೆಫ್ ಫೈಲ್‌ಗಳನ್ನೆಲ್ಲ ಪ್ಯಾಕ್ಡ್-ರೆಫ್ಸ್ ಅನ್ನೋ ಒಂದೇ ಟೆಕ್ಸ್ಟ್ ಫೈಲಿಗೆ ಸೇರಿಸಿ ಬಿಡಿ ಫೈಲ್ ಅಳಿಸುತ್ತೆ. ಆ ಹುಡುಗ ಸ್ಮಾಲಲ್ಲಿರೋ ಬ್ರಾಂಚನ್ನ ಕ್ಯಾಪಿಟಲ್ ಹಾಕಿ ಚೆಕೌಟ್ ಮಾಡಿದ್ದಾನೆ, ಬಿಡಿ ಫೈಲ್ ಇರೋವರೆಗೆ ವಿಂಡೋಸ್ ಸರಿಯಾದ ಫೈಲನ್ನೇ ತೆಗೆದುಕೊಡ್ತಿತ್ತು. ಪ್ಯಾಕ್ ಆದ್ಮೇಲೆ ಹುಡುಕೋದು ಗಿಟ್ಟೇ, ಅದು ಅಕ್ಷರಕ್ಕೆ ಅಕ್ಷರ ನೋಡುತ್ತೆ, ಹೆಡ್‌ನಲ್ಲಿರೋ ಕ್ಯಾಪಿಟಲ್ ಹೆಸರು ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಬ್ರಾಂಚ್ ಖಾಲಿ ಅಂದ್ಕೊಳ್ಳುತ್ತೆ. ಕಮಿಟ್ ಒಂದೂ ಹೋಗಿರಲ್ಲ. ಸಿಂಬಾಲಿಕ್-ರೆಫ್ ಕಮಾಂಡಿಂದ ಹೆಡ್ಡನ್ನ ಸರಿಯಾದ ಸ್ಮಾಲ್ ಹೆಸರಿಗೆ ತಿರುಗಿಸಿದ್ರೆ ಎಲ್ಲಾ ಮೊದಲಿನ ಹಾಗೆ. ಆ ಸ್ಥಿತಿಯಲ್ಲಿ ಕಮಿಟ್ ಮಾತ್ರ ಹೊಡೀಬಾರ್ದು, ಹಿಂದು ಮುಂದು ಇಲ್ಲದ ಒಂಟಿ ಕಮಿಟ್ ಹುಟ್ಟುತ್ತೆ.

ಕುಡ್ಲ_ಕೋಡರ್:
ಈಗ ಗೊತ್ತಾಯ್ತು ಸರ್. ಅವನಿಗೆ ಕಳಿಸ್ತೇನೆ ಇದನ್ನ.

ಮೈಸೂರ್_ಮ್ಯಾಕ್:
ಹೆಡ್ ಅಂದಾಗ ನೆನಪಾಯ್ತು, ಮ್ಯಾಕಲ್ಲಿ ಹೆಡ್ಡನ್ನ ಸ್ಮಾಲಲ್ಲಿ ಟೈಪ್ ಮಾಡಿದ್ರೂ ಓಡುತ್ತೆ, ಅದೇ ಸ್ಕ್ರಿಪ್ಟ್ ಸಿಐ ಲಿನಕ್ಸಲ್ಲಿ ಬಿದ್ದೋಗುತ್ತೆ.

ಟರ್ಮಿನಲ್_ತಮ್ಮ:
ಬಿದ್ದೋದ್ರೆ ಪುಣ್ಯ. ವರ್ಕ್‌ಟ್ರೀ (ಒಂದೇ ರಿಪೋಗೆ ಹೆಚ್ಚುವರಿ ಕೆಲಸದ ಫೋಲ್ಡರ್) ಬಳಸೋರು ಸ್ಮಾಲ್ ಹೆಡ್ ಹಾಕಿದ್ರೆ ಈಗಿರೋ ವರ್ಕ್‌ಟ್ರೀದಲ್ಲ, ಮುಖ್ಯ ಫೋಲ್ಡರಿನ ಹೆಡ್ ಸಿಗುತ್ತೆ, ಎರರ್ ಇಲ್ದೆ ತಪ್ಪು ಕಮಿಟ್. ಕ್ಯಾಪಿಟಲ್ ಟೈಪ್ ಮಾಡೋಕೆ ಬೇಜಾರಾದ್ರೆ ಬರೀ ಅಟ್ ಚಿಹ್ನೆ ಹಾಕಿ, ಅದು ಹೆಡ್‌ಗೆ ಅಧಿಕೃತ ಚಿಕ್ಕ ರೂಪ.

ಬರ್ಲಿನ್_ಕನ್ನಡಿಗ:
ಇದನ್ನೆಲ್ಲ ಬರೀ ತಲೆನೋವು ಅಂತ ನೋಡ್ಬೇಡಿ, ಸೆಕ್ಯುರಿಟಿ ವಿಷಯವೂ ಹೌದು. 2014ರ ಡಿಸೆಂಬರಲ್ಲಿ ಸಿವಿಇ-2014-9390 ಅನ್ನೋ ಸೆಕ್ಯುರಿಟಿ ದೋಷ ಬಂತಲ್ಲ, ಡಾಟ್ ಗಿಟ್ ಫೋಲ್ಡರಿನ ಜಿ ಅಕ್ಷರ ಕ್ಯಾಪಿಟಲ್ ಮಾಡಿ ಅದರೊಳಗೆ ಕಾನ್ಫಿಗ್ ಫೈಲ್ ಇಟ್ಟು ರಿಪೋ ಕೊಟ್ರೆ, ಮ್ಯಾಕ್, ವಿಂಡೋಸಲ್ಲಿ ನಿಜವಾದ ಕಾನ್ಫಿಗ್ ಮೇಲೆ ಬರೆದು ಬೇಕಾದ ಕಮಾಂಡ್ ಓಡಿಸಬಹುದಿತ್ತು. 2021ರಲ್ಲಿ ಸಿಮ್‌ಲಿಂಕ್ (ಬೇರೆ ಫೈಲಿಗೆ ದಾರಿ ತೋರ್ಸೋ ಫೈಲ್) ಬಳಸಿ ಇನ್ನೊಂದು, 2024ರ ಮೇ ತಿಂಗಳಲ್ಲಿ ಸಬ್‌ಮಾಡ್ಯೂಲ್ (ರಿಪೋ ಒಳಗಿನ ರಿಪೋ) ಬಳಸಿ ಮತ್ತೊಂದು, ಮೂರಕ್ಕೂ ಬೇರು ಇದೇ ಕೇಸ್ ಭೇದ. ಹಳೇ ಗಿಟ್ ಇಟ್ಕೊಂಡಿರೋರು ದಯವಿಟ್ಟು ಅಪ್‌ಡೇಟ್ ಮಾಡಿ.

ಹೊಸಕೋಟೆ_ಡೆವ್:
ಡಬ್ಲ್ಯುಎಸ್‌ಎಲ್‌ನಲ್ಲಿ ಮರ್ಜ್ ಮಾಡಿ, ಕ್ಯಾಪಿಟಲ್ ಬ್ರಾಂಚ್ ತೆಗೆದ್ವಿ. ಅಕ್ಕ ಹೇಳಿದ ಹಾಗೇ ಪ್ರೂನ್ ಆದ್ಮೇಲೆ ಸ್ಮಾಲ್‌ನದ್ದೂ ಹೋಯ್ತು, ಎರಡನೇ ಫೆಚ್‌ಗೆ ಬಂತು. ಈಗ ಯಾರಿಗೂ ಎರರ್ ಇಲ್ಲ. ಫೋಲ್ಡರ್ ಭಾಗವನ್ನೂ ಹೋಲಿಸೋ ಹುಕ್ ಬರೀತಿದೀವಿ. ಎಲ್ರಿಗೂ ಮನಸಾರೆ ಥ್ಯಾಂಕ್ಸ್.

ನೀಲಿಪರದೆ:
ಒಂದು ಪ್ರಶ್ನೆ, ಕನ್ನಡದಲ್ಲಿ ಕ್ಯಾಪಿಟಲ್ ಸ್ಮಾಲ್ ಇಲ್ವಲ್ಲ, ಬ್ರಾಂಚ್ ಹೆಸರು, ಫೈಲ್ ಹೆಸರು ಕನ್ನಡದಲ್ಲೇ ಇಟ್ರೆ? ನಾನು ಕನ್ನಡ ನಿಘಂಟಿನ ಡೇಟಾ ಇರೋ ಒಂದು ಪ್ರಾಜೆಕ್ಟಲ್ಲಿ ಕೆಲಸ ಮಾಡ್ತೀನಿ, ಫೈಲ್ ಹೆಸರೆಲ್ಲ ಕನ್ನಡ.

ಬರ್ಲಿನ್_ಕನ್ನಡಿಗ:
ಇಡಬಹುದು, ಆದ್ರೆ ಅಲ್ಲಿ ಬೇರೆ ಥರದ ಡಿಕ್ಕಿ ಇದೆ. ಯೂನಿಕೋಡಲ್ಲಿ ಓಕಾರದ ಚಿಹ್ನೆಯನ್ನ ಒಂದೇ ಕೋಡಾಗಿ ಬರೀಬಹುದು, ಬಿಡಿಸಿ ಮೂರು ಕೋಡಾಗೂ ಬರೀಬಹುದು, ಕಣ್ಣಿಗೆ ಎರಡೂ ಒಂದೇ. ಏಕಾರ, ಐಕಾರಕ್ಕೂ ಹಾಗೇ ಎರಡು ರೂಪ. ಹಳೇ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಎಲ್ಲವನ್ನೂ ಬಿಡಿಸಿಯೇ ಇಡ್ತಿತ್ತು, ಲಿನಕ್ಸಿಗೆ ಅವು ಬೇರೆ ಬೇರೆ ಫೈಲ್. ಅದಕ್ಕೇ ಗಿಟ್‌ನಲ್ಲಿ ಪ್ರಿಕಂಪೋಸ್‌ಯೂನಿಕೋಡ್ ಅನ್ನೋ ಸೆಟ್ಟಿಂಗ್ 2012ರಲ್ಲೇ ಬಂತು, ಮ್ಯಾಕಲ್ಲಿ ಅದು ಟ್ರೂ ಇದೆಯಾ ನೋಡ್ಕೊಳ್ಳಿ.

ನೀಲಿಪರದೆ:
ಇದು ಗೊತ್ತೇ ಇರ್ಲಿಲ್ಲ. ಮತ್ತೆ ಸ್ಟೇಟಸಲ್ಲಿ ನಮ್ಮ ಕನ್ನಡ ಹೆಸರಿನ ಬದಲು 340, 262 ಅಂತ ಬರೀ ಅಂಕಿ ಬರುತ್ತಲ್ಲ, ಅದೂ ಇದೇನಾ?

ಹಳೇಬೇರು:
ಅದು ಬೇರೆ, ಹೆಸರಿನ ಬೈಟ್‌ಗಳನ್ನ ಗಿಟ್ ಹಾಗೆ ಆಕ್ಟಲ್ ಅಂಕಿಯಲ್ಲಿ ತೋರ್ಸುತ್ತೆ. ಕೋರ್ ಡಾಟ್ ಕೋಟ್‌ಪಾತ್ ಫಾಲ್ಸ್ ಮಾಡಿ, ಕನ್ನಡದಲ್ಲೇ ಬರುತ್ತೆ. ಇದನ್ನ ಮಾತ್ರ ಧೈರ್ಯವಾಗಿ ಬದಲಾಯಿಸಬಹುದು.